ಸೂಜಿ ಚುಚ್ಚಿದ ಲಾವಂಚದ ಚೀಲ

ಹೆದರಿಕೆಯಾಯಿತು ಅಂತ ಒಪ್ಪಿಕೊಳ್ಳುವುದಕ್ಕಿಂತ ಸಿಟ್ಟು ಬಂತು ಅನ್ನುವುದು ನನಗೆ ಯಾವತ್ತೂ ಸುಲಭ. ಕಣ್ಣಾಸ್ಪತ್ರೆಯವರು ಎರಡನೇ ಸಲವೂ ಆಪರೇಷನ್ ಮಾಡದೆ ವಾಪಸ್ ಕಳಿಸಿದ ದಿನ, ಯಜಮಾನರ ಸ್ಕೂಟರಿನ ಹಿಂದೆ ಕೂತು ಮನೆ ತಲುಪುವವರೆಗೂ ಅವರ ಬಿಪಿ ಮಿಷನ್ನನ್ನು ಬೈದುಕೊಂಡೇ ಬಂದೆ. ಮನೆಯಲ್ಲಿ ಬೆಕ್ಕಿನ ಹಾಗೆ ಮಲಗಿರುವ ನನ್ನ ಬಿಪಿ, ಆಸ್ಪತ್ರೆಯ ಹಸಿರು ಗೌನು ಕಂಡ ಕೂಡಲೇ ಅಟ್ಟ ಹತ್ತುತ್ತಿತ್ತು. ಅದು ಇಳಿಯದೆ ಕಣ್ಣು ಮುಟ್ಟುವುದಿಲ್ಲ ಅಂದುಬಿಟ್ಟಿದ್ದರು ಡಾಕ್ಟರು.

ವಿದ್ಯಾರಣ್ಯಪುರಂನಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಹೊಲಿಗೆ ಅಂಗಡಿ. ಬ್ಲೌಸ್ ಹೊಲಿಯುವುದು ನನ್ನ ಕಸುಬು. ಬಲಗಣ್ಣಿಗೆ ಪೊರೆ ಬಂದಿತ್ತು, ಎಡಗಣ್ಣು ಮೊದಲಿನಿಂದಲೂ ಮಂದ. ಮಿಷನ್ ಹೊಲಿಗೆ ಹೇಗೋ ಕೈಯ ಅಭ್ಯಾಸದಲ್ಲೇ ಸಾಗುತ್ತಿತ್ತು. ಹೆಮ್ಮಿಂಗು, ಹುಕ್ಕು ಅಂತ ಕೈಸೂಜಿ ಹಿಡಿಯುವ ಕೆಲಸ ಬಂದರೆ ಸೂಜಿಯ ಕಣ್ಣೇ ಕಾಣದು. ಒಮ್ಮೆ ಒಬ್ಬರ ಕಡುನೀಲಿ ಬ್ಲೌಸಿಗೆ ಕಪ್ಪು ದಾರದಲ್ಲಿ ಹೆಮ್ಮಿಂಗ್ ಮಾಡಿ ಕೊಟ್ಟಿದ್ದೆ. ಪಾಪ, ಆಕೆ ನಗುತ್ತಲೇ ವಾಪಸ್ ತಂದರು. ಅವರು ಬೈದಿದ್ದರೆ ವಾಸಿಯಿತ್ತು. ಹೊಲಿಗೆ ಬಿಟ್ಟರೆ ನಾನು ಏನು ಅನ್ನುವುದು ನನಗೆ ಗೊತ್ತಿರಲಿಲ್ಲ.

ಆಮೇಲಿಂದ ಸೂಜಿಗೆ ದಾರ ಹಾಕುವ ಕೆಲಸವನ್ನು ನನ್ನ ಯಜಮಾನರು ವಹಿಸಿಕೊಂಡರು. ಹಾರ್ಡ್‌ವೇರ್ ಅಂಗಡಿಯ ಕೆಲಸಕ್ಕೆ ಹೊರಡುವ ಮುಂಚೆ ಬಾಗಿಲ ಬೆಳಕಿನಲ್ಲಿ ಕೂತು, ಆವತ್ತಿನ ಬ್ಲೌಸುಗಳಿಗೆ ಬೇಕಾದ ಬಣ್ಣದ ದಾರಗಳನ್ನೆಲ್ಲ ಸೂಜಿಗಳಿಗೆ ಪೋಣಿಸಿ, ಸೂಜಿದಿಂಬಿಗೆ ಸಾಲಾಗಿ ಚುಚ್ಚಿಟ್ಟು ಹೋಗುತ್ತಿದ್ದರು. ನಾನು ಏಳುವಷ್ಟರಲ್ಲಿ ಎಲ್ಲ ಸಿದ್ಧ.

ಆಸ್ಪತ್ರೆಯ ಸುದ್ದಿ ಕೇಳಿ ಕೃಷ್ಣಮೂರ್ತಿಪುರಂನಿಂದ ಅಕ್ಕ ಬಂದಳು. ಕೈಯಲ್ಲಿ ಗಿಡಮೂಲಿಕೆ ಮಾರುವ ಗ್ರಂಧಿಗೆ ಅಂಗಡಿಯ ಪೊಟ್ಟಣ. ಬಿಚ್ಚಿದರೆ ಒಳಗೆ ಕಂದು ಬಣ್ಣದ, ಸಿಕ್ಕುಸಿಕ್ಕಾದ ಬೇರು.

"ಪಾತ್ರೆ ಉಜ್ಜೋಕೆ ನಾರು ತಂದ್ಯಾ?" ಅಂದೆ.

"ಲಾವಂಚ ಕಣೇ ಅದು. ಹೆದ್ರಿಕೆ ಇಲ್ದೆ ಬಿಪಿ ಯಾಕೆ ಏರುತ್ತೆ ಹೇಳು? ಸುಮ್ನೆ ಬಾಯಿ ಜೋರು ಮಾಡ್ಬೇಡ. ಮಾತ್ರೆ ಪಾಡಿಗೆ ಮಾತ್ರೆ ತಗೋ. ಸಂಜೆ ಬಿಸಿನೀರಿಗೆ ಇದನ್ನ ಹಾಕಿ, ಕಾಲು ಬಿಟ್ಕೊಂಡು ಕೂತ್ಕೋ."

ಕೂತೆ. ಅಕ್ಕನ ಬಾಯಿ ಮುಚ್ಚಿಸಲಿಕ್ಕೆ ಅಂತಲೇ ಕೂತೆ. ಟಬ್ಬಿನ ನೀರು ನಿಧಾನವಾಗಿ ಚಹಾದ ಬಣ್ಣಕ್ಕೆ ತಿರುಗಿತು. ಮಳೆ ಬಿದ್ದ ನೆಲದ ವಾಸನೆ, ಅದರಡಿಯಲ್ಲಿ ಒಂದು ಸಣ್ಣ ಸಿಹಿ. ಸುಮ್ಮನೆ ಕೂತು ಅಭ್ಯಾಸವಿಲ್ಲದ ನಾನು ಮೊರ ತರಿಸಿಕೊಂಡು ಅವರೆಕಾಯಿ ಸುಲಿಯತೊಡಗಿದೆ. ಅಕ್ಕ ಮೊರವನ್ನೇ ಕಿತ್ತುಕೊಂಡಳು. "ಕೈಗೂ ಸ್ವಲ್ಪ ರಜ ಕೊಡೇ ಮಾರಾಯ್ತಿ." ಕೈ ಮಡಿಲಲ್ಲಿಟ್ಟುಕೊಂಡು ಕೂತಾಗಲೇ ಗೊತ್ತಾಗಿದ್ದು, ಬೆರಳುಗಳು ಸೆರಗಿನ ತುದಿಯನ್ನು ಸುತ್ತುತ್ತಲೇ ಇವೆ ಅಂತ. ಅಕ್ಕನಿಗೂ ಕಂಡಿರಬೇಕು. ಟಬ್ಬಿಗೆ ಇನ್ನೊಂದು ಚೊಂಬು ಬಿಸಿನೀರು ಹುಯ್ದಳು.

ದಿನಾ ಸಂಜೆ ಅದೇ ರೂಢಿಯಾಯಿತು. ಬರಬರುತ್ತಾ ಸಂಜೆ ಯಾವಾಗ ಆದೀತು ಅಂತ ಕಾಯುವ ಹಾಗಾಯಿತು. ಉಳಿದಿದ್ದ ಒಣ ಬೇರನ್ನು ಕತ್ತರಿಸಿ, ಲೈನಿಂಗ್ ಬಟ್ಟೆಯ ಚೂರಿನಲ್ಲಿ ಅಂಗೈಯಗಲದ ಚೀಲ ಹೊಲಿದು, ಅದರೊಳಗೆ ತುಂಬಿದೆ. ಮಧ್ಯಾಹ್ನ ಮಲಗುವಾಗ ಕೆನ್ನೆಯ ಅಡಿಗೆ ಇರಲಿ ಅಂತ. ಹೊಲಿದು ಮಿಷನ್ನಿನ ಮೇಲೆ ಬಿಟ್ಟಿದ್ದೇ ತಪ್ಪಾಯಿತು. ಮರುದಿನ ಊಟವಾದ ಮೇಲೆ ಚೀಲ ಎತ್ತಿಕೊಂಡು ಹೋಗಿ ಹಾಯಾಗಿ ಕೆನ್ನೆ ಊರಿದೆ ನೋಡಿ, ಅಮ್ಮಾ ಅಂತ ಕಿರುಚಿಕೊಂಡು ಎದ್ದು ಕೂತೆ. ಚೀಲದ ತುಂಬ ಸೂಜಿ!

ಕೂಡಲೇ ಫೋನ್ ಮಾಡಿದೆ. "ಏನ್ರೀ, ನನ್ನ ಕೊಲ್ಲೋಕೆ ನೋಡಿದ್ರಾ?"

ಆ ಕಡೆ ಅಂಗಡಿಯ ಗದ್ದಲ. "ಹೊಸ ಸೂಜಿದಿಂಬು ಹೊಲ್ಕೊಂಡಿದೀಯ ಅಂದ್ಕೊಂಬುಟ್ಟೆ ಕಣೇ. ಚೆನ್ನಾಗಿ ಚುಚ್ಕೊಳ್ತು," ಅಂದರು. ಚುಚ್ಚಿದ್ದು ನನಗೂ ಗೊತ್ತು ಅಂದೆ. ಇಬ್ಬರಿಗೂ ನಗು ತಡೆಯಲಾಗದೆ ಫೋನ್ ಇಟ್ಟೆವು.

ಆದರೆ ಸಂಜೆ ಕೆಲಸಕ್ಕೆ ಕೂತಾಗ ಒಂದು ಸೋಜಿಗ. ಸೂಜಿ ಎಳೆದಾಗಲೆಲ್ಲ ಚೀಲದಿಂದ ಲಾವಂಚದ ಘಮ ಬರುತ್ತಿತ್ತು. ನನ್ನ ಗಡಿಬಿಡಿಯ ಕೈ ತಾನಾಗಿಯೇ ನಿಧಾನವಾಯಿತು. ಅಂದಿನಿಂದ ಅದು ಸೂಜಿದಿಂಬೇ ಆಯಿತು. ನನಗೆಷ್ಟು ಖುಷಿಯಾಗಿತ್ತು ಅಂದರೆ, ಬ್ಲೌಸಿಗೆ ಬಂದವರ ಮೂಗಿಗೆಲ್ಲ ಅದನ್ನು ಹಿಡಿದಿದ್ದೇ ಹಿಡಿದಿದ್ದು.

ಮೂರನೇ ಸಲ ಆಸ್ಪತ್ರೆಗೆ ಹೋಗುವಾಗ ಚೀಲವನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಹೋದೆ. ಗೌನು ತಂದ ನರ್ಸಮ್ಮ ಕೇಳಿದಳು: "ಏನಮ್ಮಾ ಅದು ಕೈಲಿ?"

"ಸೂಜಿದಿಂಬು."

"ಅಯ್ಯೋ, ಸೂಜಿ ಇದ್ಯಾ ಅದ್ರಲ್ಲಿ?"

"ಇಲ್ಲ ಕಣಮ್ಮ, ಎಲ್ಲಾ ತೆಗೆದಿದೀನಿ. ಮೂಸಿ ನೋಡು ಬೇಕಾದ್ರೆ."

ಆಕೆ ಮೂಸಿದಳು, ಇನ್ನೊಮ್ಮೆ ಮೂಸಿದಳು. "ನಮ್ಮಜ್ಜಿ ಮನೆ ನೀರಿನ ಗಡಿಗೆ ನೆನಪಾಯ್ತು," ಅಂದು ನಕ್ಕು, ಬಿಪಿ ನೋಡುವವರೆಗೆ ಚೀಲ ನನ್ನ ಹತ್ತಿರವೇ ಇರಲಿ ಅಂದಳು. ತೋಳಿಗೆ ಪಟ್ಟಿ ಬಿಗಿಯಾಯಿತು. ಕಣ್ಣು ಮುಚ್ಚಿ ಟಬ್ಬಿನ ಬಿಸಿನೀರನ್ನು ನೆನೆಸಿಕೊಂಡೆ. ಅಕ್ಕನನ್ನೂ ನೆನೆಸಿಕೊಂಡೆ, ಕಿತ್ತುಕೊಂಡ ಮೊರವನ್ನೂ. "ಸರಿಯಾಗಿದೆ ಕಣ್ರೀ, ನಡೀರಿ ಒಳಗೆ," ಅಂದಳು ನರ್ಸಮ್ಮ. ಬೇರಿನ ಮಹಿಮೆಯೋ ಮಾತ್ರೆಯದೋ, ನಾನಂತೂ ವಿಚಾರಿಸಲು ಹೋಗಲಿಲ್ಲ. ಬಾಗಿಲಲ್ಲಿ ಚೀಲವನ್ನು ಯಜಮಾನರ ಕೈಗೆ ಕೊಟ್ಟು ಒಳಗೆ ನಡೆದೆ.

ಕಣ್ಣಿನ ಪಟ್ಟಿ ತೆಗೆದಾಗ ಲೋಕವೆಲ್ಲ ಒಗೆದು ಒಣಗಿಸಿದಂತಿತ್ತು. ಡಾಕ್ಟರು ಹೇಳಿದಷ್ಟು ದಿನ ಹೊಲಿಗೆ ಮುಟ್ಟಲಿಲ್ಲ. ಇನ್ನು ಹೊಲಿಯಬಹುದು ಅಂದ ಮರುದಿನ ಬೆಳಿಗ್ಗೆ ಬೇಗ ಎಚ್ಚರವಾಯಿತು. ಎದ್ದು ಬಂದರೆ ಬಾಗಿಲ ಬೆಳಕಿನಲ್ಲಿ ಯಜಮಾನರು ಆಗಲೇ ಕೂತಿದ್ದಾರೆ, ಸೂಜಿ, ದಾರ ಹರವಿಕೊಂಡು. ನಾನು ಬಂದದ್ದು ಅವರಿಗೆ ತಿಳಿಯಲಿಲ್ಲ.

ಅವರು ಸೂಜಿಯನ್ನು ಕೈ ಚಾಚಿ ದೂರ ಹಿಡಿದರು. ಕನ್ನಡಕ ಹಣೆಗೇರಿಸಿದರು, ಮತ್ತೆ ಇಳಿಸಿದರು. ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ತೂರಿಸಿದರು. ಅದು ಪಕ್ಕಕ್ಕೆ ಹೋಯಿತು. ಮತ್ತೆ ತೂರಿಸಿದರು, ಮತ್ತೆ ತಪ್ಪಿತು. "ಥತ್" ಅಂದು ಲಾವಂಚದ ಚೀಲವನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ಒಂದು ದೀರ್ಘ ಉಸಿರೆಳೆದುಕೊಂಡು, ಪುನಃ ಮೊದಲಿನಿಂದ ಶುರು ಮಾಡಿದರು. ಇಷ್ಟು ದಿನವೂ ಬೆಳಿಗ್ಗೆ ಹೀಗೇ ನಡೆದಿತ್ತು ಅಂತ ಆಗ ತಿಳಿಯಿತು. ನನಗೆ ಅಳುವೂ ನಗುವೂ ಒಟ್ಟಿಗೇ ಬಂತು.

"ಕೊಡಿ ಇಲ್ಲಿ," ಅಂದೆ. ಬೆಚ್ಚಿಬಿದ್ದರು. ಒಂದೇ ಸಲಕ್ಕೆ ದಾರ ಹಾಕಿ ತೋರಿಸಿದೆ. "ನಾಳೆ ನಿಮ್ಮ ಕಣ್ಣು ತೋರಿಸ್ಕೊಂಡು ಬರೋಣ."

"ನನ್ನ ಕಣ್ಣಿಗೇನಾಗಿದೆ? ಆಸ್ಪತ್ರೆಗೆ ಹೋಗೋಕೆ ನನಗೇನು ಹೆದ್ರಿಕೆನಾ?" ಅಂತ ಧ್ವನಿ ಏರಿಸಿದರು.

ನಾನು ವಾದ ಮಾಡಲಿಲ್ಲ. ಸಂಜೆ ಅವರು ಅಂಗಡಿಯಿಂದ ಬರುವ ಹೊತ್ತಿಗೆ ಟಬ್ಬಿಗೆ ಬಿಸಿನೀರು ಹುಯ್ದು, ಲಾವಂಚ ಹಾಕಿಟ್ಟು, ಗೊಣಗುತ್ತಿದ್ದವರನ್ನು ಕೂರಿಸಿ, ಪ್ಯಾಂಟಿನ ಕಾಲುಗಳನ್ನು ನಾನೇ ಮಡಿಸಿದೆ.