ಮಜೀದಾ ಬೀ ಮತ್ತು ನಾಯಕಿಯ ಮುಖ

ರಾಮನಗರದ ಬಂಡೆಗಳೇ ಇನ್ನೂ ಮಗ್ಗುಲು ಬದಲಿಸಿರುವುದಿಲ್ಲ, ಅಷ್ಟರಲ್ಲಿ ಮಜೀದಾ ಬೀ ಏಣಿ ಹತ್ತಿಯಾಗಿರುತ್ತದೆ. ಹಳೇ ಹೆದ್ದಾರಿಯ ಬಸ್ ಸ್ಟಾಪಿನ ಹಿಂದಿನ ಉದ್ದ ಗೋಡೆ. ಬುರ್ಖಾದ ತೋಳು ಮೊಣಕೈವರೆಗೆ ಮಡಚಿದೆ, ಏಣಿಯ ಮೆಟ್ಟಿಲಿಗೆ ಮೈದಾ ಅಂಟಿನ ಬಕೆಟ್ಟು ನೇತಾಡುತ್ತಿದೆ, ಕೈಯಲ್ಲಿ ಮೋಟು ಪೊರಕೆ. ಹಸು ಮೇಯದಿರಲಿ, ಹುಳ ಹಿಡಿಯದಿರಲಿ ಎಂದು ಅಂಟಿಗೆ ಚೂರು ಮೈಲುತುತ್ತ ಬೆರೆಸಿರುತ್ತಾರೆ. ಆ ಅಂಟಿನ ಶಕ್ತಿ ಸಾಮಾನ್ಯದ್ದಲ್ಲ. ಮನಸ್ಸು ಮಾಡಿದರೆ ರಾಮದೇವರ ಬೆಟ್ಟವನ್ನೇ ಎತ್ತಿಕೊಂಡು ಹೋಗಿ ಸಾವನದುರ್ಗದ ಪಕ್ಕಕ್ಕೆ ಅಂಟಿಸಿ ಬರಬಹುದು. ಎರಡು ಮಳೆಗಾಲ ಕಳೆದರೂ ಅಲ್ಲಾಡಲಾರದು.

ಪೋಸ್ಟರು ತುಂಡು ತುಂಡಾಗಿ ಬಂದಿದೆ. ಒಂದರ ಅಂಚಿಗೆ ಇನ್ನೊಂದು ಕೂಡಿಸುತ್ತ ಹೋದಂತೆ ಗೋಡೆಯ ಮೇಲೆ ನಾಯಕ ಅರಳುತ್ತಾನೆ. ಅವನ ಮೀಸೆಯ ಒಂದು ತುದಿ ಬಿಡದಿಯ ಕಡೆ, ಇನ್ನೊಂದು ತುದಿ ಚನ್ನಪಟ್ಟಣದ ಕಡೆ. ನಾಯಕಿಗೆ ಸಿಕ್ಕಿರುವುದು ಕೆಳಗಿನ ಮೂಲೆ. ಇಷ್ಟು ಹೊತ್ತು ಮಿಂಚಿನ ಹಾಗೆ ಓಡಿದ ಕೈ ಕೊನೆಗೆ ಒಂದು ಪಟ್ಟಿ ಕಾಗದ ಹಿಡಿದು ನಿಂತುಬಿಡುತ್ತದೆ. ಥಿಯೇಟರಿನ ಹೆಸರು, ಆಟದ ಹೊತ್ತು ಅಚ್ಚಾಗಿರುವ ಚೀಟಿ ಅದು. ಮಜೀದಾ ಬೀ ಏಣಿ ಇಳಿಯುತ್ತಾರೆ. ರಸ್ತೆಯ ನಡುವಿನವರೆಗೆ ಹಿಂದೆ ಸರಿದು ಗೋಡೆಯನ್ನೇ ನೋಡುತ್ತಾರೆ.

"ಪೋಸ್ಟರ್ ಅಂಟ್ಸದು ಏನ್ ಮಹಾ ಬುಡಿ. ಈ ಚೀಟಿ ಎಲ್ಲಿ ಇಕ್ಬೇಕು ಅನ್ನದೇ ತಲ್ನೋವು," ಎನ್ನುತ್ತಾರೆ.

ಆ ಚೀಟಿಯಿಂದಾಗಿಯೇ ಅವರ ಕೈಯಲ್ಲಿದ್ದ ಅರ್ಧ ಗೋಡೆಗಳು ಹೋಗಿವೆ. ಉಳಿದರ್ಧವೂ ಈ ಶುಕ್ರವಾರದಿಂದ ಆ ಶುಕ್ರವಾರಕ್ಕೆ ಎನ್ನುವಂತೆ ತೂಗಾಡುತ್ತಿದೆ.

ಇದು ಮೊದಲು ಗಂಡ ರಸೂಲ್ ಅವರ ಕಸುಬು. ಆಗ ಮಜೀದಾ ಬೀ ರೇಷ್ಮೆ ಬಿಚ್ಚುವ ಮನೆಯಲ್ಲಿದ್ದರು. ಕುದಿಯುವ ನೀರಿಗೆ ಬೆರಳಿಟ್ಟು ಗೂಡಿನಿಂದ ಎಳೆ ಹುಡುಕುವ ಕೆಲಸ. ಅವರು ತೆಗೆದ ಎಳೆ ಹಿಡಿದು ನಡೆದಿದ್ದರೆ ಚಂದ್ರಲೋಕಕ್ಕೆ ಹೋಗಿ, ಒಂದು ಸುತ್ತು ಹಾಕಿ, ಊಟದ ಹೊತ್ತಿಗೆ ವಾಪಸು ಬರಬಹುದಿತ್ತು. ಚನ್ನಪಟ್ಟಣದಲ್ಲಿ ಏಣಿ ಜಾರಿ ರಸೂಲ್ ಸೊಂಟ ಮುರಿದುಕೊಂಡ ವಾರ ಎಲ್ಲ ತಿರುಗುಮುರುಗಾಯಿತು.

"ಯೋಚ್ನೆ ಮಾಡಕ್ಕೆ ಟೈಮೆಲ್ಲಿತ್ತು? ಹೊಸ ಸಿನಿಮಾ ಬರೋ ಶುಕ್ರವಾರ ಬಂದ್ಬುಡ್ತು. ನಾನೇ ಬಕೆಟ್ ಎತ್ಕಂಡೆ."

ಮೊಹಲ್ಲಾದಲ್ಲಿ ಮಾತಿಗೆ ಬರವೇ? ಗಂಡ ಒಲೆ ಮುಂದೆ, ಹೆಂಡತಿ ಏಣಿ ಮೇಲೆ ಎಂದು ನಕ್ಕರು. ಸಿನಿಮಾ ಚಿತ್ರ ಅಂಟಿಸುವ ಹೆಂಗಸು ಎಂದು ಮದುವೆ ಮನೆಗಳಲ್ಲಿ ಮುಖ ತಿರುಗಿಸಿದವರೂ ಉಂಟು. ಆಡಿಕೊಂಡ ಗೆಳೆಯನೊಬ್ಬನಿಗೆ ರಸೂಲ್ ಹೇಳಿದ್ದು ಇಷ್ಟೇ: "ಅಂಟು ಕಾಯ್ಸಕ್ಕೂ ಅನ್ನ ಬೇಯ್ಸಕ್ಕೂ ಒಲೆ ಒಂದೇ ಕಣ್ಲಾ. ಎರಡೂ ನಂಗೆ ಬತ್ತದೆ. ನಿಂಗೆ?"

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. ಹಳೆಯ ಮೊಪೆಡ್ಡಿಗೆ ಏಣಿ ಕಟ್ಟಿಕೊಂಡು ಅವರು ಸುತ್ತದ ರಸ್ತೆಯಿಲ್ಲ. ಇದುವರೆಗೆ ಅಂಟಿಸಿದ ಕಾಗದವನ್ನೆಲ್ಲ ಬಿಚ್ಚಿ ಹಾಸಿದರೆ ನಾಲ್ಕೂ ತಾಲ್ಲೂಕಿಗೆ ಚಪ್ಪರ ಹಾಕಿ, ಮಿಕ್ಕಿದ್ದರಲ್ಲಿ ಸೋಲೂರಿನ ತೆಂಗಿನ ಮರಗಳಿಗೆಲ್ಲ ಒಂದೊಂದು ಅಂಗಿ ಹೊಲಿಸಬಹುದು.

ಮನೆಯಲ್ಲಿ ಆಡುವುದು ಉರ್ದು, ಕಸುಬಿನ ಪಾಠ ಮಾತ್ರ ಕನ್ನಡದಲ್ಲೇ ಆಯಿತು. ಚೀಟಿ ಸಿನಿಮಾ ಹೆಸರಿನ ಮೇಲೆ ಬಿದ್ದರೆ ಮ್ಯಾನೇಜರು ಬೈಯುತ್ತಾರೆ. ನಿರ್ಮಾಪಕರ ಹೆಸರಿನ ಮೇಲೆ ಬಿದ್ದರೆ ಬೆಂಗಳೂರಿನಿಂದ ಫೋನ್ ಬರುತ್ತದೆ. ನಾಯಕನ ಮೇಲೆ ಬಿದ್ದರಂತೂ ಅಭಿಮಾನಿಗಳೇ ಬರುತ್ತಾರೆ. ಹಾಗಾದರೆ ಉಳಿದದ್ದು? ನಾಯಕಿಯ ಮುಖ. ಅದಕ್ಕಾಗಿ ಯಾರೂ ಬರುವುದಿಲ್ಲ. ರಸೂಲ್ ಕಲಿತದ್ದು ಹಾಗೆ, ಕಲಿಸಿದ್ದೂ ಹಾಗೆ.

"ನಾನು ಸಿನಿಮಾ ನೋಡಾದು ಕಮ್ಮಿ. ಪೋಸ್ಟರಲ್ಲೇ ಎಲ್ಲಾ ಗೊತ್ತಾಗ್ಬುಡ್ತದೆ," ಎನ್ನುತ್ತಾರೆ ಮಜೀದಾ ಬೀ. "ಮೊದ್ಲು ಹೀರೋಯಿನ್ ಕೈಲಿ ಬಿಂದಿಗೆ ಇರಾದು. ಆಮೇಲೆ ಪುಸ್ತಕ ಬಂತು, ಆಫೀಸ್ ಬ್ಯಾಗು ಬಂತು. ಈಗೀಗ ಗನ್ನೂ ಹಿಡ್ಕತಾಳೆ. ಮೊಖದ್ ಮೇಲೆ ಮಾತ್ರ ಆವತ್ತೂ ನನ್ ಚೀಟಿ, ಈವತ್ತೂ ನನ್ ಚೀಟಿ."

ಕಳೆದ ದೀಪಾವಳಿಯ ಹೊತ್ತಿಗೆ ಒಂದು ದೊಡ್ಡ ಸಿನಿಮಾ ಬಂತು. ಒಲ್ಲೆ ಎಂದ ಹುಡುಗಿಯ ಕೆನ್ನೆಗೆ ನಾಯಕ ಬಾರಿಸುತ್ತಾನೆ. ಇಂಟರ್‌ವಲ್ ಕಳೆದ ಮೇಲೆ ಅವಳು ಅವನಿಗೇ ಒಲಿಯುತ್ತಾಳೆ. ಪೋಸ್ಟರಿನಲ್ಲೂ ಅದೇ: ಎತ್ತಿದ ಕೈ, ಕೆಳಗೆ ಅವಳ ಮುಖ. ಟ್ರೇಲರ್ ಬಂದಂದಿನಿಂದ ಊರು ಎರಡು ಹೋಳು. ಅದು ಪ್ರೀತಿ ಎಂದವರು ಕೆಲವರು, ಅದು ದೌರ್ಜನ್ಯ ಎಂದವರು ಕೆಲವರು. ರೇಷ್ಮೆ ಮಾರುಕಟ್ಟೆಯಲ್ಲಿ ವಾದ ಎಷ್ಟು ಹೊತ್ತು ನಡೆಯಿತೆಂದರೆ, ಗೂಡು ಸೀಳಿಕೊಂಡು ಚಿಟ್ಟೆಗಳು ಹೊರಬಂದು, ಎರಡೂ ಕಡೆಯ ಮಾತು ಕೇಳಿ, ಬೇಸತ್ತು ಹಾರಿಹೋದವು.

ಶುಕ್ರವಾರ ಬೆಳಗಿನ ಜಾವ ಇದೇ ಗೋಡೆ. ಹಾರೋಹಳ್ಳಿಯ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು ಬಸ್ಸಿಗೆ ಕಾದಿದ್ದರು.

"ಅವ್ನು ಹೊಡುದ್ರೂ ಚೆಂದ ಕಣೇ," ಎಂದಳು ರಮ್ಯಾ. ಅವಳಣ್ಣ ನರೇಂದ್ರ ಆ ನಾಯಕನ ಅಭಿಮಾನಿ ಸಂಘದ ಅಧ್ಯಕ್ಷ.

"ನಿನ್ ಕೆನ್ನೆಗೆ ಬಿದ್ದಾಗ ಹೇಳು ಎಷ್ಟು ಚೆಂದ ಅಂತ," ಎಂದಳು ಜೊತೆಯ ಮಮತಾ. "ನಮ್ ಸೂಪರ್‌ವೈಸರೂ ಇಂಥ ಸಿನಿಮಾನೇ ನೋಡಿರ್ಬೇಕು. ಕೂಗಾಡುದ್ರೆ ನಾವು ಮೆಚ್ಕತೀವಿ ಅನ್ಕಂಡವ್ನೆ." ಆಮೇಲೆ ಗೋಡೆಯ ಕಡೆ ತಿರುಗಿದಳು. ಮಜೀದಾ ಬೀ ಚೀಟಿಯನ್ನು ನಾಯಕಿಯ ಬಾಯಿಯ ನೇರಕ್ಕೆ ಹಿಡಿದಿದ್ದರು. "ಮಜೀದಕ್ಕ, ಏಟು ತಿಂದೋಳು ಅವ್ಳು. ಅವಳ್ ಬಾಯ್ನೇ ಯಾಕ್ ಮುಚ್ತೀಯಾ? ಹೊಡಿಯೋ ಕೈ ಮುಚ್ಚಕ್ಕಾಗಕಿಲ್ವಾ?"

ಬಸ್ಸು ಬಂತು, ಹುಡುಗಿಯರು ಹತ್ತಿ ಹೋದರು. ಚೀಟಿ ಹಿಡಿದ ಕೈ ಹಾಗೇ ನಿಂತಿತ್ತು.

ಇದನ್ನು ಹೇಳುವಾಗ ಮಜೀದಾ ಬೀ ದನಿ ತಗ್ಗುತ್ತದೆ. "ನಮ್ ಅಮ್ಮೀ, ಅಬ್ಬಾನ ಕೈಲಿ ಏಟು ತಿಂದ ದಿನ, ಸೆರಗ ಬಾಯಿಗ್ ಒತ್ಕಂಡು ಬಾಗ್ಲಲ್ಲಿ ನಿಂತಿರೋಳು. ಅಕ್ಕಪಕ್ಕದೋರು ಕೇಳುದ್ರೆ ಹಲ್ಲು ನೋವು ಅನ್ನೋಳು. ಅವತ್ತು ಅದೇ ಕಣ್ಮುಂದೆ ಬಂತು. ಇಷ್ಟು ವರ್ಸ ನಾನು ಅಂಟ್ಸಿದ್ದು ಚೀಟಿ ಅಲ್ಲ, ಆ ಸೆರಗೇ ಅನ್ನುಸ್ಬುಡ್ತು."

ಚೀಟಿ ನಾಯಕನ ಎತ್ತಿದ ಕೈಯ ಮೇಲೆ ಕೂತಿತು. ಆ ಗೋಡೆಯಲ್ಲಿ ಮಾತ್ರವಲ್ಲ, ಅಂದು ಅವರು ಮುಟ್ಟಿದ ಎಲ್ಲ ಗೋಡೆಗಳಲ್ಲೂ.

ಮೊದಲ ಆಟಕ್ಕೆ ಮುಂಚೆಯೇ ಆ ಗೋಡೆಯ ಫೋಟೋ ಎಲ್ಲರ ಮೊಬೈಲಿಗೂ ಹರಿಯಿತು. ಮಧ್ಯಾಹ್ನ ಥಿಯೇಟರಿನ ಮ್ಯಾನೇಜರ್ ಪ್ರಕಾಶ್ ಫೋನ್ ಮಾಡಿದರು: "ನಾಳೆ ಬೆಳಗ್ಗೆ ಆ ಚೀಟಿ ಇರಬಾರ್ದು ಕಣಮ್ಮ. ಇಲ್ಲಾಂದ್ರೆ ಬಕೆಟ್ ತಂದು ಇಟ್ಟು ಹೋಗು."

ಶನಿವಾರ ನಸುಕಿಗೆ ಮಜೀದಾ ಬೀ ಗೋಡೆಯ ಮುಂದೆ ನಿಂತಿದ್ದರು. ಬಿಡದಿಯ ಕಾರ್ಖಾನೆಯ ರಾತ್ರಿ ಪಾಳಿಯ ಬಸ್ಸು ಬಂದು ನಿಂತಿತು. ಇಳಿದವನು ನರೇಂದ್ರ. ಅವನ ಸಿಟ್ಟಿನ ಬಿಸಿಗೆ ಬಸ್ಸಿನ ಟೈರುಗಳೇ ಒಸಿ ಮೆತ್ತಗಾದವು.

"ಏನಮ್ಮೋ, ನಮ್ ಬಾಸ್ ಕೈ ಮುಚ್ಚೋವಷ್ಟು ದೊಡ್ಡೋಳಾಗ್ಬುಟ್ಯಾ? ಕೀಳು!"

"ನೀನೇ ಕಿತ್ಕಳಪ್ಪ. ಒಣಗ್ಬುಟ್ಟೈತೆ. ಚೀಟಿ ಜೊತೆ ಕೈನೂ ಬತ್ತದೆ."

ನರೇಂದ್ರ ನಂಬಲಿಲ್ಲ. ಅಂಚಿಗೆ ಉಗುರು ಹಾಕಿ ಎಳೆದ. ಚರ್ರನೆ ಚೀಟಿ ಬಂತು. ಅದರ ಬೆನ್ನಿಗೆ ಅಂಟಿಕೊಂಡು ನಾಯಕನ ತೋಳು ಭುಜದವರೆಗೂ ಬಂತು. ಗೋಡೆಯಲ್ಲಿ ಇಟ್ಟಿಗೆ ಕಂಡಿತು.

ಬಸ್ಸಿಗೆ ಕಾದಿದ್ದ ಹುಡುಗಿಯರ ನಡುವಿನಿಂದ ರಮ್ಯಾ ಮುಂದೆ ಬಂದಳು.

"ಅಣ್ಣ, ಈಗ ನೋಡು. ಅವ್ನು ಸುಮ್ನೆ ಅವಳನ್ನೇ ನೋಡ್ತಾ ನಿಂತಂಗೈತೆ. ಇದೇ ಚೆಂದಾಗೈತೆ. ಬುಟ್ಬುಡು."

ನರೇಂದ್ರ ಕೈಯಲ್ಲಿದ್ದ ಕಾಗದವನ್ನು ನೋಡಿದ, ತಂಗಿಯನ್ನು ನೋಡಿದ. ಹರಿದ ತೋಳನ್ನು ನೀಟಾಗಿ ಮಡಚಿ ಜೇಬಿಗಿಟ್ಟುಕೊಂಡು ಹೋದ. ಉಳಿದ ಗೋಡೆಗಳ ಚೀಟಿಯನ್ನು ಯಾರೂ ಮುಟ್ಟಲಿಲ್ಲ. ತನ್ನ ಕೈಯಾರೆ ನಾಯಕನ ಕೈ ಕೀಳುವ ಅಭಿಮಾನಿ ಎಲ್ಲಿ ಸಿಗುತ್ತಾನೆ?

ಆದರೆ ಇದು ಸಿನಿಮಾ ಅಲ್ಲವಲ್ಲ, ಅಲ್ಲಿಗೇ ಶುಭಂ ಬೀಳಲಿಲ್ಲ. ಮುಂದಿನ ವಾರ ಚನ್ನಪಟ್ಟಣ, ಮಾಗಡಿಯ ಗೋಡೆಗಳು ಬೇರೊಬ್ಬನ ಪಾಲಾದವು. ಅವನು ಚೀಟಿಯನ್ನು ವಾಡಿಕೆಯ ಜಾಗದಲ್ಲೇ ಅಂಟಿಸುತ್ತಾನೆ. "ಆಯಮ್ಮ ಮಾಡಿದ್ದು ತಪ್ಪು ಅಂತ ನಾನೂ ಹೇಳಲ್ಲ. ಆದ್ರೆ ನಾನು ಥಿಯೇಟರ್ ನಡುಸ್ಬೇಕಲ್ಲ ಸ್ವಾಮಿ," ಎನ್ನುತ್ತಾರೆ ಪ್ರಕಾಶ್, ಕಣ್ಣು ತಪ್ಪಿಸಿ. ರಸೂಲ್ ಅವರ ಮಾತ್ರೆಯೂ ಮನೆಯ ಅಕ್ಕಿಯೂ ಈಗ ರಾಮನಗರ, ಕನಕಪುರದ ಗೋಡೆಗಳನ್ನೇ ನೆಚ್ಚಿಕೊಂಡಿವೆ.

ಚೀಟಿಯ ಪಾಠ ಹೇಳಿದ್ದು ರಸೂಲ್ ತಾನೇ? ಮುಂದಿನ ಗುರುವಾರ ಸಂಜೆ ಎಂದಿನಂತೆ ಒಲೆಯ ಮುಂದೆ ಕೂತು ಅಂಟು ಕಾಯಿಸಿದರು. ಬಕೆಟ್ಟನ್ನು ಹೆಂಡತಿಯ ಕಡೆ ತಳ್ಳಿ ಹೇಳಿದರು: "ಒಸಿ ಗಟ್ಟಿಯಾಗೇ ಕಾಯ್ಸಿವ್ನಿ. ಯಾವನ್ ಕೈಲೂ ಕೀಳಕ್ಕಾಗ್ಬಾರ್ದು."

ಇವತ್ತಿನ ಗೋಡೆಯ ಮುಂದೆ ಮಜೀದಾ ಬೀ ನೋಡಿ ಮುಗಿಸಿದ್ದಾರೆ. ಚೀಟಿ ನಾಯಕನ ಬೂಟುಗಳ ಮೇಲೆ ಕೂರುತ್ತದೆ. ಪೊರಕೆ ಒಮ್ಮೆ ಅತ್ತ, ಒಮ್ಮೆ ಇತ್ತ. ಮೂಲೆಯಲ್ಲಿ ನಾಯಕಿಯ ಮುಖ, ಕಿರುಬೆರಳ ಉಗುರಿನಷ್ಟೇ ಚಿಕ್ಕದಾದರೂ, ಪೂರ್ತಿ ಕಾಣುತ್ತಿದೆ. ಏಣಿ ಮಡಚಿ ಮೊಪೆಡ್ಡಿಗೆ ಕಟ್ಟುತ್ತ ಅವರು ತಮ್ಮ ಒಂದೇ ಒಂದು ಆಸೆ ಹೇಳುತ್ತಾರೆ:

"ಪೋಸ್ಟರ್ ಮಾಡೋರು ಕೆಳ್ಗಡೆ ಒಸಿ ಬಿಳಿ ಜಾಗ ಬುಟ್ರೆ ಸಾಕು, ಚೀಟಿ ಅಲ್ಲಿ ಅಂಟುಸ್ಕತೀನಿ. ಅವಳ್ ಮೊಖ ಅವಳಿಗಿರ್ಲಿ. ಅವನ್ ಕೈ ಅವನ್ ಹತ್ರಾನೇ ಇರ್ಲಿ."