ತೂತು ತಪ್ಪಿದ ರೆಕಾರ್ಡು

ರೇಡಿಯೊ ಕೇಂದ್ರದ ಇಂಜಿನಿಯರ್ ಹುದ್ದೆಯಿಂದ ನಿವೃತ್ತನಾಗಿ ಸಾಗರಕ್ಕೆ ಬಂದ ಮರುವರ್ಷದ ಮಾತು. ಸುಮ್ಮನೆ ಕೂರಲಾರದೆ, ಹಳೆಯ ಗ್ರಾಮಫೋನ್ ರೆಕಾರ್ಡುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವ ಕೆಲಸ ಹಿಡಿದಿದ್ದೆ. ಬಂದವರೆಲ್ಲ "ಕರಕರ ಸದ್ದು ತೆಗೀರಿ ಸರ್" ಎನ್ನುತ್ತಿದ್ದರು. ಹೊಸನಗರದಿಂದ ಬಂದ ಸುಜಾತಾ ಹಾಗೆನ್ನಲಿಲ್ಲ.

"ಅಮ್ಮ ಹಾಡಿದ್ದು ಸರ್, ಮದುವೆಗೆ ಮುಂಚೆ. ಇರೋದು ಇದೊಂದೇ. ಅಮ್ಮನೇ ಬಿಸಾಡು ಅಂತಾರೆ. ನಂಗೆ ಮನಸ್ಸು ಬರ್ತಿಲ್ಲ."

ಅವರ ತಾಯಿ ಪದ್ಮಾವತಮ್ಮ ಹುಡುಗಿಯಾಗಿದ್ದಾಗ ಬಸದಿಯಲ್ಲಿ ಹಾಡಿ ಹೆಸರಾದವರಂತೆ. ಯಾವುದೋ ಸಣ್ಣ ಕಂಪನಿ ಅವರ ಒಂದು ಜಿನಸ್ತುತಿಯನ್ನು ರೆಕಾರ್ಡು ಮಾಡಿತು. ಮನೆಗೆ ತಂದು ಹಾಕಿದರೆ ದನಿ ಉಯ್ಯಾಲೆಯಾಡುತ್ತಿತ್ತು. ಮದುವೆಯಾದ ಮೇಲೆ ಗಂಡನ ಮನೆಯ ನೆಂಟರು ಅದನ್ನು ಬೇಕೆಂದೇ ಹಾಕಿಸಿ, ತಲೆ ಅಲ್ಲಾಡಿಸಿ ಅಣಕಿಸಿ ನಗುತ್ತಿದ್ದರು. ಆಮೇಲೆ ಪದ್ಮಾವತಮ್ಮ ಮಕ್ಕಳಿಗೆ ಜೋಗುಳ ಕೂಡ ಹಾಡಲಿಲ್ಲ. ಕೇಳಿ, ಎಂದೋ ತೀರಿಹೋದ ಆ ನೆಂಟರ ಮೇಲೆ ನನಗೆ ಸಿಟ್ಟು ಬಂತು.

ರೆಕಾರ್ಡು ಹಾಕಿದೆ. ಸೂಜಿ ಹಿಡಿದ ತೋಳು ಪ್ರತಿ ಸುತ್ತಿಗೂ ಎಡಕ್ಕೆ ಬಲಕ್ಕೆ ಓಲಾಡಿತು. ಕಾರ್ಖಾನೆಯಲ್ಲಿ ನಡುವಿನ ತೂತು ಒಂದು ಮಿಲಿಮೀಟರ್ ಪಕ್ಕಕ್ಕೆ ಬಿದ್ದರೂ ಸಾಕು, ಸ್ವರ ಹೀಗೆ ಏರಿಳಿಯುತ್ತದೆ. ನಮ್ಮ ಕಸುಬಿನಲ್ಲಿ ಇದನ್ನು 'ವಾವ್' ಎನ್ನುತ್ತೇವೆ. ಆದರೆ ಹಾಡಿದವರೂ ತಪ್ಪಿರಬಹುದಲ್ಲ? ಸರಿಪಡಿಸಿದರೆ ಆ ತಪ್ಪೂ ಸ್ಪಷ್ಟವಾಗಿಯೇ ಕೇಳಿಸುತ್ತದೆ. ತಾಯಿಯನ್ನು ಕೇಳದೆ ಮುಂದುವರಿಯಲು ಮನಸ್ಸಾಗಲಿಲ್ಲ.

ಮುಂದಿನ ವಾರ ಪದ್ಮಾವತಮ್ಮನವರೇ ಬಂದರು. ಎಂಬತ್ತು ದಾಟಿದವರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ಸರಿ ಮಾಡಿ ಮಾರಾಯ್ರೆ. ತಪ್ಪು ನಂದೇ ಆದ್ರೆ ಅದಾದ್ರೂ ಗೊತ್ತಾಗ್ಲಿ" ಎಂದರು.

ನನ್ನ ಟರ್ನ್‌ಟೇಬಲ್ಲಿನ ನಡುಕಡ್ಡಿಯನ್ನು, ಎಂದರೆ ರೆಕಾರ್ಡಿನ ತೂತಿಗೆ ಸಿಕ್ಕುವ ಕಡ್ಡಿಯನ್ನು, ಬಿಚ್ಚಬಹುದು. ಬಿಚ್ಚಿ, ರೆಕಾರ್ಡನ್ನು ಬೆರಳಿನಿಂದ ಸ್ವಲ್ಪ ಸ್ವಲ್ಪವೇ ಸರಿಸಿ, ತೋಳಿನ ಓಲಾಟ ನಿಲ್ಲುವವರೆಗೂ ಹೊಂದಿಸಿದೆ. ದನಿ ನೆಟ್ಟಗೆ ನಿಂತಿತು. ಎಂಥ ಕಂಠ! ಸುಜಾತಾ ಅತ್ತೇಬಿಟ್ಟರು. ಪದ್ಮಾವತಮ್ಮ ಅಳಲಿಲ್ಲ, ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದರು.

"ಮೊದ್ಲಿನ ಹಾಗೆ ಒಂದ್ಸಲ ಹಾಕಿ" ಎಂದರು. ಕಡ್ಡಿ ಸಿಕ್ಕಿಸಿ ಹಾಕಿದೆ. ಈ ಸಲ ಅವರು ಕಿವಿಗೊಟ್ಟದ್ದು ತಮ್ಮ ದನಿಗಲ್ಲ.

"ಎಂತ ಇದು, ಹಾರ್ಮೋನಿಯಮ್ಮೂ ಅಲ್ಲಾಡ್ತಾ ಇದೆ!"

"ಹೌದಮ್ಮ. ಹಾರ್ಮೋನಿಯಂ ಸ್ವರ ಸ್ಥಿರ, ಅದು ಹೀಗೆ ಓಲಾಡಲು ಸಾಧ್ಯವೇ ಇಲ್ಲ."

"ಅದನ್ನ ಯಾರೂ ಆಡ್ಕೊಳ್ಳಿಲ್ಲ ನೋಡಿ."

ಸದ್ದು ಕೆಟ್ಟರೆ ಮೊದಲು ಯಂತ್ರವನ್ನು ನೋಡಬೇಕು, ಆಮೇಲೆ ಮನುಷ್ಯರನ್ನು ಎಂಬುದು ನೌಕರಿ ನನಗೆ ಕಲಿಸಿದ ಪಾಠ. ಅದು ಇಷ್ಟು ದೊಡ್ಡದೆಂದು ಅಲ್ಲಿಯವರೆಗೆ ತಿಳಿದಿರಲಿಲ್ಲ.

ಕೊನೆಗೊಮ್ಮೆ ಸರಿಪಡಿಸಿದ್ದನ್ನೇ ಹಾಕಿದೆ. ಹಾಡಿನ ನಡುವೆ ಅವರು ಥಟ್ಟನೆ ಕೈಯೆತ್ತಿದರು.

"ತಡೀರಿ. ಇಲ್ಲೊಂದು ಕಡೆ ಜಾರಿದೀನಿ. ಇದು ಮಾತ್ರ ನಂದೇ."

ಹಾಗೆಂದವರೇ ನಕ್ಕು, ಗಂಟಲು ಸರಿಮಾಡಿಕೊಂಡು, ಮಗಳ ಮುಂದೆ ಮೊದಲ ಬಾರಿಗೆ, ಆ ಒಂದು ಸಾಲನ್ನು ಸರಿಯಾಗಿ ಹಾಡಿದರು.