ಬಲೂನು ಒಡೆದಾಗ ಬಂದ ದೇವಿ

2011ರ ಅಕ್ಟೋಬರ್ 5, ಬುಧವಾರ, ಬೆಳಿಗ್ಗೆ 11.40. ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಆಯುಧಪೂಜೆಯ ಮಂಗಳಾರತಿ ನಡೆಯುತ್ತಿತ್ತು. ತಗಡು ಬಡಿದು ಬಿಡಿಭಾಗ ಮಾಡುವ ಪವರ್ ಪ್ರೆಸ್ಸಿಗೆ ಬಾಳೆಕಂದು, ಚೆಂಡುಹೂವಿನ ಜೊತೆ ಬಲೂನುಗಳನ್ನೂ ಕಟ್ಟಿದ್ದರು. ಆರತಿಯ ಬಿಸಿಗೋ ಏನೋ, ಒಂದು ಒಡೆಯಿತು. ನನ್ನ ಕೈಯಲ್ಲಿದ್ದ ಹೂವಿನ ತಟ್ಟೆ ನೆಲಕ್ಕೆ ಬಿತ್ತು. ಕಿವಿ ಮುಚ್ಚಿಕೊಂಡು ಕುಸಿದು ಕೂತೆ. ಜೋರಾಗಿ ಕೂಗಿದೆನಂತೆ, ಅದು ನನಗೆ ನೆನಪಿಲ್ಲ.

ಚಿಕ್ಕಂದಿನಿಂದಲೂ ನನಗೆ ಬಲೂನೆಂದರೆ ಭಯ. ಹುಟ್ಟುಹಬ್ಬಗಳಿಗೆ ಕರೆದರೆ ಹೊಟ್ಟೆನೋವೆಂದು ತಪ್ಪಿಸಿಕೊಳ್ಳುತ್ತಿದ್ದೆ. ಆಗ ಇಪ್ಪತ್ತಮೂರು ವರ್ಷ. ದಿನವಿಡೀ ಪ್ರೆಸ್ಸಿನ ಪಕ್ಕದಲ್ಲಿ ನಿಂತು ಬಿಡಿಭಾಗಗಳ ಅಳತೆ ಬರೆದುಕೊಳ್ಳುವುದು ನನ್ನ ಕೆಲಸ. ಆ ಬಡಿತಕ್ಕೆ ಕಣ್ಣು ಮಿಟುಕಿಸದವಳು ಮಕ್ಕಳ ಆಟಿಕೆಗೆ ಹೆದರುತ್ತೇನೆಂದು ಯಾರಿಗೆ ಹೇಳಲಿ?

ಹೇಳುವ ಸಂದರ್ಭವೇ ಬರಲಿಲ್ಲ. ಪ್ಯಾಕಿಂಗ್ ವಿಭಾಗದಲ್ಲಿದ್ದ, ಯಾದಗಿರಿ ಕಡೆಯ ಅಕ್ಕ ಓಡಿಬಂದು ನನ್ನ ಹಣೆಗೆ ಕುಂಕುಮ ಬಳಿದರು. "ಅವ್ವ ಬಂದಾಳ. ಹಿಂದ ಸರೀರಿ ಎಲ್ಲಾರು." ಸೂಪರ್‌ವೈಸರ್ ಕೂಡ ಕೈಮುಗಿದರು. ಅಕ್ಕ ಬಗ್ಗಿ, "ತಾಯಿ, ನನ್ನ ಮಗಳಿಗಿ ಬರೋ ವರ್ಷರೆ ಗಂಡು ಸಿಗ್ತದೇನು?" ಎಂದು ಕೇಳಿದರು. ನಡುಗುತ್ತಿದ್ದ ನನ್ನ ತಲೆ ಹೌದೆಂಬಂತೆ ಆಡಿತು.

ಅಲ್ಲಿಂದ ಮುಂದೆ, ತಂಗಿ ಎನ್ನುತ್ತಿದ್ದ ಅಕ್ಕ ನನ್ನನ್ನು ತಾಯಿ ಎನ್ನತೊಡಗಿದರು. ಊಟದ ಹೊತ್ತಿನಲ್ಲಿ ಅವರ ಡಬ್ಬಿಯ ಮೊದಲ ರೊಟ್ಟಿ ನನಗೆ. "ಮುಂದಿನ ವರ್ಷ ಆರತಿ ನೀವೇ ಎತ್ಬೇಕು ಮೇಡಂ," ಎಂದರು ಸೂಪರ್‌ವೈಸರ್. "ಬಲೂನ್ ಇನ್ನೂ ಜಾಸ್ತಿ ಕಟ್ಸೋಣ." ಆ ಮಾತು ಕೇಳಿದ ಮೇಲೆಯೇ ನಾನು ಆಸ್ಪತ್ರೆಯೊಂದರ ಮನಶ್ಶಾಸ್ತ್ರಜ್ಞೆಯ ಬಳಿ ಹೋದದ್ದು.

ನಗುತ್ತಾರೆಂದು ಮೊದಲ ಅರ್ಧ ಗಂಟೆ ಬರೀ ಬೆನ್ನುನೋವಿನ ಬಗ್ಗೆ ಮಾತಾಡಿದೆ. ಕೊನೆಗೆ ಬಲೂನಿನ ಸುದ್ದಿ ತೆಗೆದಾಗ ಅವರು ನಗಲಿಲ್ಲ. ಭಯಕ್ಕೆ ಹತ್ತರಲ್ಲಿ ಎಷ್ಟು ಅಂಕ ಕೊಡುತ್ತೀರಿ ಎಂದರು. ಅಳತೆಯ ಕೆಲಸ ನನಗೆ ಗೊತ್ತಿದ್ದದ್ದೇ. ಊದದ ಬಲೂನನ್ನು ಅಂಗೈಯಲ್ಲಿ ಇಟ್ಟುಕೊಂಡಾಗ ಆರು. ಅರ್ಧ ಊದಿದ್ದಕ್ಕೆ ಎಂಟು.

"ಭಯ ಇರೋವಾಗ್ಲೇ ಎದ್ದು ಹೋದ್ರೆ, ಓಡಿದ್ದಕ್ಕೇ ಬದುಕ್ಕೊಂಡೆ ಅಂತ ಮನಸ್ಸು ಕಲ್ತುಬಿಡುತ್ತೆ," ಎಂದರು. "ಇಳಿಯೋವರೆಗೂ ಕೂತಿರಿ."

ಮೊದಲು ಪಕ್ಕದ ಕೋಣೆಯಲ್ಲಿ ಅವರೇ ಒಡೆದರು. ಆಮೇಲೆ ಬಾಗಿಲು ತೆರೆದಿಟ್ಟು ಒಡೆದರು. ಮರುವರ್ಷದ ಆಗಸ್ಟ್ ತಿಂಗಳಲ್ಲಿ ಗುಂಡುಸೂಜಿ ನನ್ನ ಕೈಗೆ ಬಂತು. ಅಂದು ಒಂಬತ್ತು ಎಂದು ಬರೆದುಕೊಂಡು ಅತ್ತೆ. ಆದರೆ ಎದ್ದು ಹೋಗಲಿಲ್ಲ.

ಸೆಪ್ಟೆಂಬರ್‌ನಲ್ಲಿ ಒಂದು ಸಂಜೆ, ರಾಜಗೋಪಾಲನಗರದ ಕಡೆ ನಡೆಯುತ್ತ ಅಕ್ಕನಿಗೆ ಹೇಳಿದೆ. "ಅಕ್ಕ, ಅವತ್ತು ಬಂದಿದ್ದು ದೇವಿ ಅಲ್ಲ. ಬಲೂನ್ ಒಡೀತಲ್ಲ, ಹೆದರ್ಬಿಟ್ಟೆ. ಡಾಕ್ಟ್ರ ಹತ್ರ ಹೋಗ್ತಿದೀನಿ."

ಅಕ್ಕ ನಕ್ಕರು. ಬಲೂನಿಗೆ ಅವರು ಪುಗ್ಗಾ ಎನ್ನುತ್ತಿದ್ದರು. "ಪುಗ್ಗಾಕ್ಕ ಯಾರರೆ ಅಂಜ್ತಾರೇನು? ನೀ ಏನ್ ಕೂಸೇನು? ಅವ್ವ ಬಂದಿದ್ದು ಬಂದವರಿಗೇ ಗೊತ್ತಾಗಂಗಿಲ್ಲ ತಾಯಿ."

ಮುಖ ಬಿಸಿಯಾಯಿತು.

2012ರ ಅಕ್ಟೋಬರ್ 23. ಆರತಿ ತಟ್ಟೆ ನನ್ನ ಕೈಯಲ್ಲಿತ್ತು. ಬಲೂನು ಒಡೆಯಿತು, ಹಿಂದೆಯೇ ಇನ್ನೊಂದು. ತಟ್ಟೆ ಅಲುಗಿತು, ಬೀಳಲಿಲ್ಲ. ಉಸಿರು ಬಿಟ್ಟು ತಲೆಯೆತ್ತಿದರೆ ಎಲ್ಲರೂ ನನ್ನನ್ನೇ ಕಾಯುತ್ತಿದ್ದರು. ಮುಂದಿನ ಸಾಲಿನಲ್ಲಿ ಅಕ್ಕ. ಪಕ್ಕದಲ್ಲಿ ಹೊಸ ಸೀರೆ ಉಟ್ಟ ಮಗಳು. ಮದುವೆ ಇನ್ನೂ ಆಗಿರಲಿಲ್ಲ. ದೇವಿಯನ್ನು ಕೇಳಲೆಂದೇ ಕರೆತಂದಿದ್ದರು.

ನನಗೆ ತೋಚಿದ್ದು ಇಷ್ಟೇ: "ಆರತಿ ತಗೊಳ್ಳಿ ಅಕ್ಕ."

ಅಕ್ಕ ಆರತಿ ತೆಗೆದುಕೊಂಡರು. "ಆ ಡಾಕ್ಟರವ್ವ ಅವ್ವನ್ನ ಇಳಿಸಿಬಿಟ್ಟಾಳ ನೋಡು ತಂಗಿ," ಎಂದರು. ಸಿಟ್ಟಿರಲಿಲ್ಲ. ಮಗಳು ತಲೆ ತಗ್ಗಿಸಿದಳು.

ಆ ದಿನದ ಭಯಕ್ಕೆ ನಾನು ಬರೆದ ಅಂಕ ಎರಡು. ಖುಷಿಪಡಲು ಆಗಲಿಲ್ಲ. ನಮ್ಮ ಭಯವನ್ನು ದೇವಿಯೆಂದು ನಂಬಿ ಕೈಮುಗಿದವರಿಗೆ ನಿಜವನ್ನು ಯಾವಾಗ, ಹೇಗೆ ಹೇಳಬೇಕಿತ್ತು ಎಂಬುದು ನನಗೆ ಇನ್ನೂ ತಿಳಿದಿಲ್ಲ. ಇಂಥ ಚಿಕಿತ್ಸೆ ಪಡೆದವರಿಗೋ ಕೊಟ್ಟವರಿಗೋ ತಿಳಿದಿದ್ದರೆ ದಯವಿಟ್ಟು ನನಗೊಂದು ಸಾಲು ಬರೆಯಿರಿ.